ಹುಡುಕೋ ಡಬ್ಬಿಗೆ ಕನ್ನಡದ ಗುಟ್ಟು ಗೊತ್ತಾ? (ಹುಡುಕಾಟ ಸರಣಿ – 4)

ಮಳೆ ಹಿಡಿಯುವ ಮೊದಲು ನಾರಾವಿ ಕಡೆ ಯಾವ ತೋಟಕ್ಕೆ ಹೋದ್ರೂ ಒಂದೇ ಪ್ರಶ್ನೆ. "ಮದ್ದು ಬಿಟ್ಟಾಯ್ತಾ ಮಾರಾಯ್ರೆ?" ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಸಿಂಪಡಿಸುವ ಹೊತ್ತು ಅದು. 🌧️

ಈಗ ನೀವು ಮೊಬೈಲ್ ತೆಗೆದು "ಅಡಿಕೆ ಕೊಳೆರೋಗ ಮದ್ದು" ಅಂತ ಹುಡುಕ್ತೀರಿ ಅಂದ್ಕೊಳ್ಳಿ. ನಿಮಗೆ ಬೇಕಾದ್ದು ಒಂದೇ ಸಾಲು. 1% ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಈ ಲೆಕ್ಕ ತಪ್ಪಿ ಸುಣ್ಣ ಕಡಿಮೆ ಬಿದ್ರೆ ದ್ರಾವಣ ಹುಳಿಯಾಗಿ ಎಳೆ ಕಾಯಿ ಸುಟ್ಟುಹೋಗಬಹುದು. ಹಾಗಾಗಿ ಯಾರೋ ಹೇಳಿದ್ದು ಸಾಲದು, ವಿಟ್ಲ ಅಥವಾ ಕಾಸರಗೋಡಿನ ಸಂಶೋಧನಾ ಕೇಂದ್ರದವರು ಹೇಳಿದ್ದೇ ಬೇಕು.

ಅದನ್ನು ಹೆಕ್ಕಿ ತೆಗೆಯಲು ಗೂಗಲ್‌ನಲ್ಲಿ ದಾರಿ ಉಂಟು 👇
▪️ ಉದ್ಧರಣ ಚಿಹ್ನೆ ಹಾಕಿದ್ರೆ ಆ ಪದವೇ ಬೇಕು ಅಂತ ಅರ್ಥ.
▪️ ಪದದ ಹಿಂದೆ ಮೈನಸ್ ಹಾಕಿದ್ರೆ ಅದು ಬೇಡ ಅಂತ.
▪️ ಸೈಟ್ ಅಂತ ಬರೆದು ಕೋಲನ್ ಹಾಕಿ ವಿಳಾಸ ಕೊಟ್ರೆ ಆ ಜಾಲತಾಣದೊಳಗೆ ಮಾತ್ರ ಹುಡುಕುತ್ತದೆ.
▪️ ಎರಡು ಪದಗಳ ನಡುವೆ ಇಂಗ್ಲಿಷಿನ "ಆರ್" ಹಾಕಿದ್ರೆ ಇದಾದ್ರೂ ಸರಿ, ಅದಾದ್ರೂ ಸರಿ.

ಸುಲಭ ಅನ್ನಿಸ್ತಾ? ಈಗ ಕನ್ನಡ ಕೀಬೋರ್ಡಿನಲ್ಲಿ ಮಾಡಿ ನೋಡಿ.

ಆ "ಸೈಟ್" ಇಂಗ್ಲಿಷಿನಲ್ಲೇ ಇರಬೇಕು. ಆ "ಆರ್" ದೊಡ್ಡಕ್ಷರದಲ್ಲೇ ಇರಬೇಕು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಂಬುದೇ ಇಲ್ಲ! ಕೊಳೆರೋಗಕ್ಕೆ ಮಹಾಳಿ ಅಂತಲೂ ಹೆಸರುಂಟು. ಎರಡನ್ನೂ ಒಟ್ಟಿಗೆ ಕೇಳಲು ಕೃಷಿಕನೊಬ್ಬ ನಡುವೆ ಕೀಬೋರ್ಡ್ ಬದಲಿಸಬೇಕು.

ಉದ್ಧರಣ ಚಿಹ್ನೆಯದ್ದು ಇನ್ನೊಂದು ಕಥೆ. ಒಬ್ಬರು "ಕೊಳೆರೋಗ" ಅಂತ ಸೇರಿಸಿ ಬರೀತಾರೆ, ಇನ್ನೊಬ್ಬರು "ಕೊಳೆ ರೋಗ" ಅಂತ ಬಿಡಿಸಿ. "ಕೊಳೆರೋಗಕ್ಕೆ", "ಕೊಳೆರೋಗದ", "ಕೊಳೆರೋಗದಿಂದ" ಅಂತ ಬಾಲ ಬೇರೆ. ಒಂದು ರೂಪಕ್ಕೆ ಬೀಗ ಹಾಕಿದ್ರೆ ಉಳಿದವು ಹೊರಗೇ ನಿಲ್ಲಬಹುದು.

ಹಾಗಾದ್ರೆ ಎಲ್ಲ ಯಂತ್ರದ ಊಹೆಗೇ ಬಿಟ್ಟುಬಿಡೋಣವಾ? ನಾನು ಒಪ್ಪಲ್ಲ. ಊಹೆ ಸರಿಯಾದಾಗ ಚಂದ, ತಪ್ಪಿದಾಗ "ನಾನು ಕೇಳಿದ್ದು ಅದಲ್ಲ" ಅನ್ನಲು ಒಂದು ದಾರಿ ಬೇಕಲ್ವಾ? ಆ ದಾರಿಗಳು ಸದ್ದಿಲ್ಲದೆ ಮುಚ್ಚುತ್ತವೆ. ಈ ಪದ ಇರಲೇಬೇಕು ಅನ್ನುತ್ತಿದ್ದ ಪ್ಲಸ್ ಚಿಹ್ನೆಯನ್ನು ಗೂಗಲ್ 2011ರಲ್ಲಿ ತೆಗೆಯಿತು. ಹಳೆಯ ಪುಟದ ಪ್ರತಿ ತೋರಿಸುತ್ತಿದ್ದ ಕ್ಯಾಶ್ ಆಜ್ಞೆ 2024ರಲ್ಲಿ ಹೋಯಿತು. "ಹೆಚ್ಚು ಜನ ಬಳಸಲ್ಲ" ಅಂತ ಯಾರಾದ್ರೂ ಅಂದರೆ ನಾನು ಕೇಳುವುದು ಇಷ್ಟೇ: ಅವು ಇವೆ ಅಂತ ಜನರಿಗೆ ಹೇಳಿದ್ದು ಯಾರು?

ಸರಳತೆ ಹೇಗಿರಬೇಕು ಅನ್ನಲು ಕನ್ನಡದಲ್ಲೇ ಮಾದರಿ ಉಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ "ಅಲರ್" ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಉಚ್ಚಾರ ಹತ್ತಿರ ಇರುವ ಕಾಗುಣಿತವನ್ನೂ ಹಿಡಿಯುವ ಹಾಗೆ ಅದರ ಹುಡುಕಾಟವನ್ನು ಕಟ್ಟಿದ್ದಾರೆ. ಬಳಸುವವರು ಯಾವ ಚಿಹ್ನೆಯನ್ನೂ ಕಲಿಯಬೇಕಿಲ್ಲ, ಕಷ್ಟ ಒಳಗಿನ ಯಂತ್ರಕ್ಕೆ.

ನನ್ನ ಮಾತು ಇಷ್ಟು 🙏 ಡಬ್ಬಿ ಒಂದೇ ಇರಲಿ. ವಿಭಕ್ತಿ, ಕಾಗುಣಿತ, ಸೇರಿಸಿ ಬರೆದದ್ದು, ಬಿಡಿಸಿ ಬರೆದದ್ದು ಎಲ್ಲವನ್ನೂ ಯಂತ್ರವೇ ಅರ್ಥ ಮಾಡ್ಕೊಳ್ಳಲಿ. ಡಬ್ಬಿಯ ಪಕ್ಕದಲ್ಲೇ ಕನ್ನಡದ ನಾಲ್ಕು ಗುಂಡಿ ಇರಲಿ: "ಇದೇ ಬೇಕು", "ಇದು ಬೇಡ", "ಇದು ಅಥವಾ ಅದು", "ಈ ಜಾಲತಾಣದಲ್ಲಿ ಮಾತ್ರ". ಗೂಗಲ್‌ನಲ್ಲಿ ಇಂಥದ್ದೊಂದು ಫಾರಂ ಬೇರೆ ಪುಟದಲ್ಲಿ ಈಗಲೂ ಉಂಟು, ಆದ್ರೆ ಆ ಪುಟವನ್ನೇ ಹುಡುಕಿ ಹೋಗಬೇಕು!

ಮೊದಲ ಸಲ ಹುಡುಕುವ ಅಜ್ಜನಿಗೆ ಆ ಗುಂಡಿಗಳು ಅಡ್ಡ ಬರಲ್ಲ. ಮಳೆ ತಲೆ ಮೇಲೆ ಬಂದಾಗ ಬೇಕಾದವರಿಗೆ ಕೈಗೆ ಸಿಗ್ತವೆ.

ನೀವು ಕನ್ನಡದಲ್ಲಿ ಹುಡುಕಿ ಸಿಗದೆ, ಕೊನೆಗೆ ಇಂಗ್ಲಿಷಿಗೆ ಹೋದ ಪದ ಯಾವುದು? ಕಾಮೆಂಟಲ್ಲಿ ಬರೀರಿ. ತೋಟ ಇರುವ ಗೆಳೆಯರಿಗೆ ಇದನ್ನು ಕಳಿಸಿ, ಮದ್ದಿನ ಲೆಕ್ಕಕ್ಕಾದ್ರೂ ಸೇವ್ ಮಾಡಿಟ್ಕೊಳ್ಳಿ. 🌴

#ಹುಡುಕಾಟಸರಣಿ #ನಾರಾವಿ #ಬೆಳ್ತಂಗಡಿ #ಅಡಿಕೆ #ಕನ್ನಡದಲ್ಲಿತಂತ್ರಜ್ಞಾನ