ದಾಖಲೆ ಭಂಡಾರಕ್ಕೆ ತಕ್ಕ ಉಗ್ರಾಣ

ಮನೆ ಕಟ್ಟಿಸುವವರು ಬಾಗಿಲಿಗೆ ಯಾವ ಮರ ಹಾಕಿಸಬೇಕೆಂದು ಹತ್ತು ದಿನ ಚರ್ಚಿಸುತ್ತಾರೆ. ತಳಪಾಯದ ವಿಷಯವನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಗಣಕಯಂತ್ರಗಳಲ್ಲಿ ದಾಖಲೆ ಭಂಡಾರಗಳನ್ನು ಸ್ಥಾಪಿಸುವವರ ನಡತೆಯೂ ಬಹುಮಟ್ಟಿಗೆ ಹೀಗೆಯೇ ಇದೆಯೆಂದು ವಿಷಾದದಿಂದ ಹೇಳಬೇಕಾಗಿದೆ. ಪರದೆಯ ಮೇಲೆ ಕಾಣುವ ಬಣ್ಣ, ಅಕ್ಷರ, ಹುಡುಕುವ ಸೌಲಭ್ಯ ಇವುಗಳನ್ನು ಕುರಿತು ಸಮಿತಿಗಳು ಕೂಡುತ್ತವೆ. ಒಳಗೆ ಬಂದ ಸಾಮಗ್ರಿಯು ವಸ್ತುತಃ ಎಲ್ಲಿ, ಯಾವ ರೂಪದಲ್ಲಿ ಉಳಿಯಬೇಕೆಂಬುದನ್ನು ಮಾತ್ರ ಯಾರೋ ಒಬ್ಬ ತರುಣ ತಂತ್ರಜ್ಞನು ಸಂಜೆಯ ಹೊತ್ತಿನಲ್ಲಿ ನಾಲ್ಕು ಸಾಲು ಬರೆದು ತೀರ್ಮಾನಿಸಿಬಿಡುತ್ತಾನೆ. ಆ ನಾಲ್ಕು ಸಾಲುಗಳು ಮುಂದೆ ಹತ್ತಾರು ವರ್ಷ ಸಂಸ್ಥೆಯ ಜ್ಞಾಪಕವನ್ನೆಲ್ಲ ಹೊತ್ತು ನಿಲ್ಲಬೇಕು.

ಭಂಡಾರವೆಂದು ನಾವು ಕರೆಯುತ್ತಿರುವುದು ಲೇಖನಗಳು, ಚಿತ್ರಗಳು, ಹಳೆಯ ಪುಸ್ತಕಗಳ ಛಾಯಾಪ್ರತಿಗಳು, ಧ್ವನಿಮುದ್ರಿಕೆಗಳು ಮೊದಲಾದವನ್ನು ಒಂದೆಡೆ ಕಲೆಹಾಕಿ, ಅವುಗಳ ಕರ್ತೃ, ಕಾಲ, ಹಕ್ಕು, ಹಿಂದಿನ ಆವೃತ್ತಿ ಇತ್ಯಾದಿ ವಿವರಗಳೊಡನೆ ಕಾಪಾಡುವ ವ್ಯವಸ್ಥೆಯನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಸಂಶೋಧಕರ ಲೇಖನಗಳಿಗಾಗಿ 2002ರಲ್ಲಿಯೇ ಇಂಥದೊಂದನ್ನು ತೆರೆಯಿತು. ಇಂದು ಸಾಧಾರಣ ಕಾಲೇಜುಗಳೂ ಪತ್ರಿಕಾಲಯಗಳೂ ಆ ಹಾದಿಯನ್ನು ಹಿಡಿದಿವೆ.

ಯಾವ ಭಂಡಾರದಲ್ಲಿಯೂ ಎರಡು ಬಗೆಯ ಸರಕುಗಳಿರುತ್ತವೆ. ಒಂದು, ಛಾಯಾಪ್ರತಿ ಧ್ವನಿಮುದ್ರಿಕೆಗಳಂಥ ದಪ್ಪ ಸರಕು. ಇನ್ನೊಂದು, ಯಾವುದು ಎಲ್ಲಿದೆ, ಯಾರದು, ಯಾವುದರ ನಂತರ ಯಾವುದು ಬಂತು ಎಂಬ ಖಾತೆ ಕಿರ್ದಿ. ಇವೆರಡಕ್ಕೂ ಒಂದೇ ಉಗ್ರಾಣ ಸಾಕೇ, ಬೇರೆ ಬೇರೆ ಬೇಕೇ? ಕಡತಗಳಾಗಿ ಡಿಸ್ಕಿನ ಮೇಲೆ ಇಡಬೇಕೇ, ಡೇಟಾಬೇಸಿನೊಳಗೆ ಸೇರಿಸಬೇಕೇ? ಪ್ರಶ್ನೆಯಿರುವುದು ಇಷ್ಟೇ.

ಇದಕ್ಕೆ ಸಾಮಾನ್ಯವಾಗಿ ವೇಗದ ಲೆಕ್ಕದಿಂದ ಉತ್ತರ ಹೇಳುವುದು ವಾಡಿಕೆ. ಲೆಕ್ಕಗಳೇನೋ ಇವೆ. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು 2006ರಲ್ಲಿ ಪ್ರಯೋಗ ನಡೆಸಿ, 256 ಕಿಲೋಬೈಟಿಗಿಂತ ಚಿಕ್ಕ ವಸ್ತುಗಳಿಗೆ ಡೇಟಾಬೇಸೂ, 1 ಮೆಗಾಬೈಟಿಗಿಂತ ದೊಡ್ಡವಕ್ಕೆ ಕಡತ ವ್ಯವಸ್ಥೆಯೂ ಮೇಲೆಂದು ಕಂಡರು. ನಡುವಿನವು ಸಂದರ್ಭವನ್ನು ನೋಡಿ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಕರ್ತೃಗಳು, ಸುಮಾರು 10 ಕಿಲೋಬೈಟಿನ ಚಿಕ್ಕ ಚಿತ್ರಗಳನ್ನು ಬಿಡಿ ಕಡತಗಳಿಂದ ಓದುವುದಕ್ಕಿಂತ ತಮ್ಮದರಿಂದ ಓದುವುದು ಶೇಕಡ 35ರಷ್ಟು ಚುರುಕೆಂದು ತೋರಿಸಿದ್ದಾರೆ. ಪ್ರತಿಯೊಂದು ಕಡತವನ್ನೂ ತೆರೆದು ಮುಚ್ಚುವ ಶ್ರಮ ಅಲ್ಲಿ ಉಳಿಯುತ್ತದೆ. ಇವೆಲ್ಲ ಬೆಲೆಯುಳ್ಳ ಮಾಹಿತಿಯೇ. ಆದರೆ ದಿನಕ್ಕೆ ಇನ್ನೂರು ಜನ ಬಂದು ಹೋಗುವ ಪುಸ್ತಕಾಲಯದಲ್ಲಿ ಒಂದು ಪುಟ ಕಣ್ಣೆವೆಯಿಕ್ಕುವಷ್ಟರಲ್ಲಿ ಬಂದರೇನು, ಅದರ ಅರ್ಧದಲ್ಲಿ ಬಂದರೇನು? ವೇಗವನ್ನು ಮುಂದಿಟ್ಟು ಉಗ್ರಾಣವನ್ನು ಆರಿಸುವುದು ತಪ್ಪೆಂದು ನಮ್ಮ ಅಭಿಪ್ರಾಯ. ಕೆಟ್ಟ ದಿನ ಬಂದಾಗ ಸರಕನ್ನು ಇಡಿಯಾಗಿ ಹೊರತೆಗೆಯಬಹುದೇ ಎಂಬುದೇ ಮೊದಲ ಪರೀಕ್ಷೆಯಾಗಬೇಕು.

ಅಪಾಚೆ ಜಾಕ್‌ರ್ಯಾಬಿಟ್ ಎಂಬ ಉಚಿತ ತಂತ್ರಾಂಶವನ್ನು ನೋಡಿ. 2006ರಲ್ಲಿ ಅದರ ಮೊದಲ ಆವೃತ್ತಿ ಹೊರಬಂತು. ಉಗ್ರಾಣವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅದು ಸ್ಥಾಪಕನಿಗೇ ಬಿಟ್ಟಿತ್ತು. ಖಾತೆಯನ್ನು ನೇರವಾಗಿ ಬಿಡಿ ಕಡತಗಳಲ್ಲಿ ಬರೆಯುವುದೂ ಅದರಲ್ಲಿದ್ದ ಒಂದು ವಿಧಾನ. ಬರೆಯುತ್ತಿರುವಾಗಲೇ ಯಂತ್ರ ನಿಂತುಹೋದರೆ ಭಂಡಾರದ ಒಳಲೆಕ್ಕ ತಾಳೆಯಾಗದೆ ಹೋಗಬಹುದು, ಆದಕಾರಣ ನಿತ್ಯದ ಬಳಕೆಗೆ ಇದು ಸಲ್ಲದು ಎಂದು ರಚಿಸಿದವರೇ ಎಚ್ಚರಿಸಿದ್ದರು. ಕಾರಣವು ಸರಳವಾದುದು. ಹೊಸ ಲೇಖನವೊಂದು ಸೇರಬೇಕಾದರೆ ಖಾತೆಯಲ್ಲಿ ಮೂರು ನಾಲ್ಕು ಕಡೆ ತಿದ್ದುಪಡಿಯಾಗಬೇಕು. ಎರಡನೆಯದು ಮುಗಿದು ಮೂರನೆಯದು ಆರಂಭವಾಗುವ ಮುನ್ನ ವಿದ್ಯುತ್ತು ಹೋಯಿತೆನ್ನಿ (ನಮ್ಮ ಊರುಗಳಲ್ಲಿ ಇದನ್ನು ಊಹಿಸಲು ಯಾರಿಗೂ ಕಷ್ಟವಿಲ್ಲ), ಆಗ ಲೇಖನವು ಇದೆಯೆಂದು ಒಂದು ಪುಟವೂ ಇಲ್ಲವೆಂದು ಇನ್ನೊಂದು ಪುಟವೂ ಹೇಳತೊಡಗುತ್ತವೆ. ಒಳ್ಳೆಯ ಡೇಟಾಬೇಸು ಹಾಗಲ್ಲ. ಮಾಡಲಿರುವ ತಿದ್ದುಪಡಿಗಳನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು, ಅದು ಡಿಸ್ಕಿನಲ್ಲಿ ಊರಿದ ಮೇಲೆಯೇ ಕೆಲಸ ಆಯಿತೆಂದು ಹೇಳುತ್ತದೆ. ಯಂತ್ರ ಮತ್ತೆ ಎದ್ದಾಗ ಆ ದಿನಚರಿಯನ್ನು ಓದಿ ಎಲ್ಲವನ್ನೂ ಪೂರೈಸುತ್ತದೆ, ಇಲ್ಲವೆ ಎಲ್ಲವನ್ನೂ ಕೈಬಿಡುತ್ತದೆ. ಖಾತೆಗೆ ಡೇಟಾಬೇಸೇ ಬೇಕೆಂದು ನಾವು ಹಟ ಹಿಡಿಯುವುದು ಇದಕ್ಕಾಗಿ.

ದಪ್ಪ ಸರಕಿನ ಮಾತು ಬೇರೆ. ಜಾಕ್‌ರ್ಯಾಬಿಟ್ ಅದಕ್ಕೆ ಮುಂದೆ ಒಂದು ಜಾಣ ಉಪಾಯವನ್ನು ಕಂಡುಕೊಂಡಿತು. ಪ್ರತಿಯೊಂದು ಕಡತದ ಒಳಸರಕಿನಿಂದಲೇ ಗಣಿತದ ಮೂಲಕ ಒಂದು ಉದ್ದನೆಯ ಸಂಖ್ಯೆಯನ್ನು ಪಡೆದು, ಅದನ್ನೇ ಕಡತಕ್ಕೆ ಹೆಸರಾಗಿ ಇಡುವುದು. ಒಂದು ಅಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಆದ್ದರಿಂದ ಇಟ್ಟ ಕಡತವನ್ನು ಯಾರೂ ತಿದ್ದುವುದಿಲ್ಲ, ಹೊಸದನ್ನು ಪಕ್ಕದಲ್ಲಿ ಇಡುತ್ತಾರೆ. ಒಂದೇ ಚಿತ್ರ ಹತ್ತು ಬಾರಿ ಬಂದರೂ ಒಂದೇ ಪ್ರತಿ ಉಳಿಯುತ್ತದೆ. ಹತ್ತು ವರ್ಷದ ಮೇಲೆ ಸಂಖ್ಯೆಯನ್ನು ಮತ್ತೆ ಲೆಕ್ಕಹಾಕಿ ಹೆಸರಿನೊಡನೆ ಹೋಲಿಸಿದರೆ ಕಡತ ಕೆಟ್ಟಿದೆಯೇ ಇಲ್ಲವೇ ಎಂಬುದು ತಾನಾಗಿ ತಿಳಿಯುತ್ತದೆ. ಮೊದಲಿಗೆ ಬಳಸಿದ ಷಾ-1 ಎಂಬ ಲೆಕ್ಕಾಚಾರದಲ್ಲಿ, ಬೇರೆ ಬೇರೆಯಾದ ಎರಡು ಕಡತಗಳಿಗೆ ಒಂದೇ ಸಂಖ್ಯೆ ಬರುವಂತೆ 2017ರಲ್ಲಿ ಮಾಡಿ ತೋರಿಸಲಾಯಿತು. ಆದಕಾರಣ ಹೊಸದಾಗಿ ಆರಂಭಿಸುವವರು ಷಾ-256ನ್ನು ಹಿಡಿಯುವುದು ಲೇಸು.

ಈ ಎರಡು ಉಗ್ರಾಣಗಳ ಏರ್ಪಾಟಿನ ಗುಣವೂ ದೋಷವೂ ಒಟ್ಟಿಗೇ ಬಯಲಾದುದು 2017ರ ಜನವರಿ 31ರಂದು. ಗಿಟ್‌ಲ್ಯಾಬ್ ಎಂಬ ಸಂಸ್ಥೆಯು ಜಗತ್ತಿನ ತಂತ್ರಾಂಶ ರಚಕರ ಕೃತಿಗಳನ್ನು ಕಾಪಾಡುತ್ತಿತ್ತು. ಕೃತಿಗಳು ಕಡತಗಳಾಗಿ ಒಂದೆಡೆ, ಚರ್ಚೆ, ಟಿಪ್ಪಣಿ, ಬಳಕೆದಾರರ ವಿವರಗಳು ಡೇಟಾಬೇಸಿನಲ್ಲಿ ಇನ್ನೊಂದೆಡೆ. ಅಂದು ರಾತ್ರಿ ದಣಿದಿದ್ದ ತಂತ್ರಜ್ಞನೊಬ್ಬನು ಎರಡನೆಯ ಯಂತ್ರದಲ್ಲಿ ಅಳಿಸಬೇಕಾದುದನ್ನು ಮುಖ್ಯ ಯಂತ್ರದಲ್ಲಿ ಅಳಿಸಿದನು. ತಪ್ಪು ಹೊಳೆದು ಕೈತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟು ಹೋಗಿತ್ತು. ಬ್ಯಾಕಪ್ಪನ್ನು ತೆರೆದು ನೋಡಿದರೆ ಅದರಲ್ಲಿ ಏನೂ ಇಲ್ಲ! ನಕಲು ಮಾಡುವ ತಂತ್ರಾಂಶವೂ ಡೇಟಾಬೇಸೂ ಬೇರೆ ಬೇರೆ ಆವೃತ್ತಿಯವಾಗಿದ್ದು ನಕಲು ನಡೆದೇ ಇರಲಿಲ್ಲ. ನಡೆದಿಲ್ಲವೆಂದು ತಿಳಿಸುವ ಪತ್ರಗಳೂ ದಾರಿಯಲ್ಲೇ ತಿರಸ್ಕೃತವಾಗಿದ್ದವು. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಯಾರೋ ತೆಗೆದಿಟ್ಟಿದ್ದ ಪ್ರತಿಯೊಂದರಿಂದ ಸಂಸ್ಥೆಯ ಮಾನ ಉಳಿಯಿತು. ಆ ಆರು ಗಂಟೆಗಳ ಸುಮಾರು 5,000 ಟಿಪ್ಪಣಿಗಳು ಮರಳಲಿಲ್ಲ. ಆದರೆ ಕಡತಗಳಲ್ಲಿದ್ದ ಕೃತಿಗಳಿಗೆ ಒಂದಿಷ್ಟೂ ಧಕ್ಕೆಯಾಗಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಎಲ್ಲವೂ ಒಂದೇ ಉಗ್ರಾಣದಲ್ಲಿದ್ದಿದ್ದರೆ ಆ ರಾತ್ರಿಯ ಕಥೆ ಬೇರೆಯಾಗುತ್ತಿತ್ತು. ನಡೆದುದನ್ನು ಮುಚ್ಚಿಡದೆ ಸಂಸ್ಥೆಯು ತಾನೇ ಪ್ರಕಟಿಸಿತು. ಈ ಸರಳತೆಯನ್ನು ನಮ್ಮಲ್ಲಿಯೂ ಕಾಣುವಂತಾಗಲಿ.

ಉಗ್ರಾಣ ಎರಡಾದರೆ ಒಂದಕ್ಕೊಂದು ತಾಳೆ ತಪ್ಪುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು. ತಪ್ಪುತ್ತದೆ. ಆದರೆ ಕಡತಗಳು ಬದಲಾಗದಿರುವುದರಿಂದ ಪರಿಹಾರ ಸುಲಭ: ಮೊದಲು ಖಾತೆಯ ನಕಲು, ಆಮೇಲೆ ಕಡತಗಳ ನಕಲು, ಇವೆರಡರ ನಡುವೆ ಕಸ ಗುಡಿಸುವ ಕೆಲಸವನ್ನು ನಡೆಸಕೂಡದು. ಹೀಗೆ ಮಾಡಿದರೆ ಖಾತೆಯಲ್ಲಿ ಹೆಸರಿರುವ ಪ್ರತಿಯೊಂದು ಕಡತವೂ ನಕಲಿನಲ್ಲಿ ಸಿಕ್ಕೇ ಸಿಗುತ್ತದೆ. ಹೆಚ್ಚಿಗೆ ಕೆಲವು ಬಂದಿರಬಹುದು, ಅದರಿಂದ ನಷ್ಟವಿಲ್ಲ. ಈ ಕ್ರಮವನ್ನು ತಲೆಕೆಳಗು ಮಾಡಿದವರಿಗೆ ಖಾತೆಯಲ್ಲಿ ಹೆಸರು ಮಾತ್ರ ಸಿಗುತ್ತದೆ. ಹಲವು ಯಂತ್ರಗಳಲ್ಲಿ ಹರಡಿಕೊಳ್ಳುವ ದೊಡ್ಡ ಏರ್ಪಾಟುಗಳೂ ಉಂಟು. ಅವು ಬೇಕಾದವರಿಗೆ ನೋಡಿಕೊಳ್ಳುವ ಜನರೂ ಇರುತ್ತಾರೆ. ಒಬ್ಬನೇ ತಂತ್ರಜ್ಞನಿರುವ ಕಾಲೇಜಿಗೆ ಆ ಆಡಂಬರವೇತಕ್ಕೆ?

ಹಿಂದೆ ನಮ್ಮ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ನೀರು ಇಳಿದಿದೆಯೇ ಎಂಬುದು ಬಾಯಿ ತೆಗೆದ ದಿನವೇ ಗೊತ್ತಾಗುತ್ತಿತ್ತು. ಗಣಕಯಂತ್ರದ ಹಗೇವನ್ನಾದರೋ ಬರಗಾಲಕ್ಕೆ ಕಾಯದೆ ತೆರೆದು ನೋಡಬಹುದು. ಭಂಡಾರ ಕಟ್ಟಿಕೊಡುವವರಿಗೆ ಹಣ ಪಾವತಿ ಮಾಡುವ ಮುನ್ನ ಸಂಸ್ಥೆಗಳು ಒಂದು ಷರತ್ತನ್ನು ವಿಧಿಸಲೆಂದು ನಮ್ಮ ಸಲಹೆ. ಬೇರೆ ಕಟ್ಟಡದಲ್ಲಿರುವ ಬರಿಯ ಯಂತ್ರವೊಂದರ ಮೇಲೆ ಬ್ಯಾಕಪ್ಪಿನಿಂದ ಮಾತ್ರವೇ ಇಡೀ ಭಂಡಾರವನ್ನು ಎಬ್ಬಿಸಿ ತೋರಿಸಬೇಕು. ಬೇರೆ ಕಟ್ಟಡವೆಂದು ಒತ್ತಿ ಹೇಳಲು ಕಾರಣವಿದೆ: 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಸಂಸ್ಥೆಯ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ, ಮೂಲವನ್ನೂ ನಕಲನ್ನೂ ಅಲ್ಲಿಯೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಪರೀಕ್ಷೆಗೆ ಎಷ್ಟು ಗಂಟೆ ಹಿಡಿಯಿತೆಂಬುದನ್ನು ಗ್ರಂಥಪಾಲಕರೇ ಗಡಿಯಾರ ನೋಡಿ ಬರೆದುಕೊಳ್ಳಲಿ. ಅನಂತರ ನಾಲ್ಕೈದು ಹಳೆಯ ಪುಸ್ತಕಗಳನ್ನು ತಾವೇ ಹೆಸರಿಸಿ, ಅವುಗಳ ಕಡೆಯ ಪುಟವನ್ನು ತೆರೆಸಿ ಓದಲಿ.