ಅಂಗೈ ಹುಣ್ಣಿಗೆ ನಾಯಿಗೇಕೆ ಕನ್ನಡಿ?

ಕನ್ನಡಿಯಲ್ಲಿ ಕಾಣುತ್ತಿರುವುದು ತಾನೇ ಎಂದು ನಾಯಿಗೆ ಗೊತ್ತಾಗುತ್ತದೆ ಎನ್ನಲು ಇದುವರೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಬೆಕ್ಕಿನ ಕತೆಯೂ ಅಷ್ಟೆ. ಸಾಕಿದವರಿಗೆ ಈ ಮಾತು ಹಿಡಿಸುವುದಿಲ್ಲ ಎಂದು ಬಲ್ಲೆ. 'ನಮ್ಮ ಟಾಮಿ ಹಾಗಲ್ಲ, ಕನ್ನಡಿ ಮುಂದೆ ನಿಂತು ತನ್ನನ್ನೇ ನೋಡ್ಕೊಳ್ಳುತ್ತೆ' ಎನ್ನುವವರು ಬೀದಿಗಿಬ್ಬರು ಸಿಗುತ್ತಾರೆ. ಮೊಬೈಲು ತೆಗೆದು ವಿಡಿಯೋ ಕೂಡ ತೋರಿಸುತ್ತಾರೆ. ಟಾಮಿ ಕನ್ನಡಿ ನೋಡುವುದು ನಿಜ. ಆದರೆ ನೋಡುವುದು ಬೇರೆ, ಗುರುತು ಹಿಡಿಯುವುದು ಬೇರೆ. ಮರಿಯಾಗಿದ್ದಾಗ ಅದು ಕನ್ನಡಿಗೆ ಬೊಗಳುತ್ತದೆ, ಬಾಲ ಆಡಿಸುತ್ತದೆ, ಹಿಂದೆ ಹೋಗಿ ಇನ್ನೊಂದು ನಾಯಿಗಾಗಿ ಹುಡುಕುತ್ತದೆ. ವಾಸನೆಯೇ ಇಲ್ಲದ ಆ ನಾಯಿಯಿಂದ ತನಗೇನೂ ಆಗಬೇಕಾದ್ದಿಲ್ಲವೆಂದು ಕೆಲವು ದಿನಗಳಲ್ಲಿ ತೀರ್ಮಾನಿಸಿ ಸುಮ್ಮನಾಗುತ್ತದೆ. ಹಂಚಿನ ಮನೆಯ ಗುಬ್ಬಿಗೆ ಅಷ್ಟೂ ಆಗುವುದಿಲ್ಲ. ಗೋಡೆಯ ಕನ್ನಡಿಯಲ್ಲಿರುವ ಎದುರಾಳಿಯನ್ನು ಅದು ದಿನಗಟ್ಟಲೆ ಕುಕ್ಕುತ್ತಲೇ ಇರುತ್ತದೆ.

ಇಷ್ಟನ್ನು ಒಪ್ಪಿಕೊಂಡೇ ಜಗಳಕ್ಕೆ ನಿಲ್ಲುತ್ತೇನೆ. ಜಗಳ ಟಾಮಿಯ ಮನೆಯವರ ಮೇಲಲ್ಲ. ಕನ್ನಡಿಯಲ್ಲಿ ಗುರುತು ಹತ್ತಲಿಲ್ಲ, ಹಾಗಾಗಿ ಅದಕ್ಕೆ 'ನಾನು' ಎಂಬುದೇ ಇಲ್ಲ, ಹಾಗಾಗಿ ಅದಕ್ಕೇನೂ ಗೊತ್ತಾಗುವುದಿಲ್ಲ ಎಂದು ಎರಡೇ ಜಿಗಿತಕ್ಕೆ ತೀರ್ಪು ಮುಟ್ಟುವವರ ಮೇಲೆ. 'ಅದಕ್ಕೇನು ಗೊತ್ತಾಗುತ್ತೆ ಬಿಡಿ' ಎಂಬ ಮಾತು ಕೇಳದವರು ಯಾರು? ಗೇಟಿನ ಪಕ್ಕ ಮೊಳದುದ್ದದ ಸರಪಳಿಯಲ್ಲಿ ಹಗಲಿಡೀ ಬಿಸಿಲಿಗೆ ಕಟ್ಟಿಹಾಕಿದ ನಾಯಿಯ ಬಗ್ಗೆ ಆಡುವ ಮಾತು ಅದು. ಈಗ ಆ ಮಾತಿಗೆ ವಿಜ್ಞಾನದ ಅಂಗಿ ತೊಡಿಸುವವರು ಬಂದಿದ್ದಾರೆ.

ಅವರು ಆಣೆ ಹಾಕುವ ಪರೀಕ್ಷೆ ಹುಟ್ಟಿದ್ದು 1970ರಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಗ್ಯಾಲಪ್ ಚಿಂಪಾಂಜಿಗಳ ಮುಂದೆ 10 ದಿನ ಕನ್ನಡಿ ಇಟ್ಟರು. ಆಮೇಲೆ ಅವುಗಳಿಗೆ ಅರಿವಳಿಕೆ ಕೊಟ್ಟು, ಹುಬ್ಬಿನ ಮೇಲೂ ಕಿವಿಯ ಮೇಲೂ ವಾಸನೆಯಿಲ್ಲದ ಕೆಂಪು ಬಣ್ಣ ಹಚ್ಚಿದರು. ಎಚ್ಚರವಾದ ಚಿಂಪಾಂಜಿಗಳು ಕನ್ನಡಿ ನೋಡಿ ತಮ್ಮ ಮೈಮೇಲಿನ ಕಲೆಯನ್ನೇ ಮುಟ್ಟಿಕೊಂಡವು. ಕೋತಿಗಳು ಮುಟ್ಟಿಕೊಳ್ಳಲಿಲ್ಲ. ಪ್ರಯೋಗ ಸರಳ, ಜಾಣತನದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ಚಿಂಪಾಂಜಿಗೆ ಕನ್ನಡಿಯ ಉಪಯೋಗ ತಿಳಿಯಿತು ಎಂದು ಅದು ತೋರಿಸಿತು. ಉಳಿದ ಪ್ರಾಣಿಗಳಿಗೆಲ್ಲ ಇದೇ ಪ್ರವೇಶ ಪರೀಕ್ಷೆ, ನಪಾಸಾದವಕ್ಕೆ ಒಳಗೆ ಜಾಗವಿಲ್ಲ ಎಂದು ಬೋರ್ಡು ಹಾಕಿದಾಗ ತಕರಾರು ಶುರುವಾಗುತ್ತದೆ.

ಈ ಪರೀಕ್ಷೆಗೆ ನಾಯಿಯನ್ನು ಕೂರಿಸಿ ನೋಡಿ. ಹಚ್ಚುವ ಬಣ್ಣ ಕೆಂಪು. ನಾಯಿಗೆ ಹಳದಿ, ನೀಲಿ ಚೆನ್ನಾಗಿ ಕಾಣುತ್ತವೆ, ಕೆಂಪು ಮಾಸಲು. ಆ ಬಣ್ಣಕ್ಕೆ ವಾಸನೆ ಇರಬಾರದೆಂಬುದು ನಿಯಮ. ನಾಯಿ ಲೋಕವನ್ನು ಅರಿಯುವುದೇ ಮುಖ್ಯವಾಗಿ ವಾಸನೆಯಿಂದ. ಕಲೆಯನ್ನು ಮುಟ್ಟಿಕೊಳ್ಳಲು ಚಿಂಪಾಂಜಿಗೆ ಬೆರಳಿವೆ, ನಾಯಿಗಿರುವುದು ಪಂಜ. ಹಣೆಯ ಮೇಲೆ ಏನೋ ಅಂಟಿದ್ದರೆ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕು ಎಂಬ ಶಿಸ್ತೂ ಅದಕ್ಕಿಲ್ಲ. ಕೆಸರಲ್ಲಿ ಹೊರಳಿ ಬಂದ ನಾಯಿಯನ್ನು ತೊಳೆದವರಿಗೆಲ್ಲ ಇದು ಗೊತ್ತು. ಈಜಲು ಬಂದರೆ ಮಾತ್ರ ಪಾಸು ಎಂದು ಮೇಕೆಗೆ ಹೇಳಿದ ಹಾಗಾಯಿತು.

ಹಾಗಾದರೆ ನಾಯಿಗೆ ತಕ್ಕ ಪ್ರಶ್ನೆ ಯಾವುದು? ಅಮೆರಿಕದ ಮಾರ್ಕ್ ಬೆಕಾಫ್ ಚಳಿಗಾಲದಲ್ಲಿ ತಮ್ಮ ನಾಯಿಯ ಜೊತೆ ನಡೆಯುತ್ತ, ಮೂತ್ರ ಬಿದ್ದು ಹಳದಿಯಾದ ಮಂಜನ್ನು ಬಾಚಿ ಬೇರೆ ಕಡೆ ಇಡುತ್ತಿದ್ದರು. ಐದು ಚಳಿಗಾಲ ಈ ಕೆಲಸ ಮಾಡಿ 2001ರಲ್ಲಿ ಪ್ರಕಟಿಸಿದರು. ಅವರ ನಾಯಿ ಜೆತ್ರೋ ಬೇರೆ ನಾಯಿಗಳ ಮೂತ್ರವನ್ನು ಹೆಚ್ಚು ಹೊತ್ತು ಮೂಸುತ್ತಿತ್ತು, ತನ್ನದನ್ನು ಅಷ್ಟಾಗಿ ಲೆಕ್ಕಕ್ಕಿಡುತ್ತಿರಲಿಲ್ಲ. 2017ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಇದನ್ನೇ ಇನ್ನಷ್ಟು ಶಿಸ್ತಿನಿಂದ ಮಾಡಿದರು. ನಾಯಿಯ ಸ್ವಂತ ವಾಸನೆಗೆ ಬೇರೊಂದು ವಾಸನೆ ಬೆರೆಸಿ ಮುಂದಿಟ್ಟರೆ ಅದು ಹೆಚ್ಚು ಹೊತ್ತು ಮೂಸುತ್ತದೆ. ಹುಬ್ಬಿನ ಮೇಲೆ ಕೆಂಪು ಕಂಡ ಚಿಂಪಾಂಜಿಯ ಹಾಗೆ, 'ಇದು ನನ್ನದೇ, ಆದರೆ ಏನೋ ಸೇರಿಕೊಂಡಿದೆ' ಎನ್ನುವಂತೆ.

ಮೈಯ ಅರಿವಿನ ಪ್ರಯೋಗವೂ ಆಗಿದೆ. 2021ರಲ್ಲಿ ಬುಡಾಪೆಸ್ಟಿನ ಸಂಶೋಧಕರು ನಾಯಿಯನ್ನು ಚಾಪೆಯ ಮೇಲೆ ನಿಲ್ಲಿಸಿ, ಆ ಚಾಪೆಗೇ ಕಟ್ಟಿದ ವಸ್ತುವನ್ನು ಎತ್ತಿ ಕೊಡಲು ಹೇಳಿದರು. ತಾನೇ ಮೇಲೆ ನಿಂತಿರುವುದರಿಂದ ವಸ್ತು ಬರುತ್ತಿಲ್ಲ ಎಂದಾದಾಗ ನಾಯಿಗಳು ಚಾಪೆಯಿಂದ ಇಳಿದವು. ವಸ್ತುವನ್ನು ನೆಲಕ್ಕೆ ಕಟ್ಟಿದ್ದಾಗ ಅಷ್ಟು ಸಲ ಇಳಿಯಲಿಲ್ಲ. ಅಡ್ಡಿ ತನ್ನ ಮೈಯೇ ಎಂಬುದು ಅವಕ್ಕೆ ಹೊಳೆಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುವುದು ಇದಕ್ಕೇ.

'ತನ್ನ ವಾಸನೆ ಗೊತ್ತಾಗುವುದು ಬರೀ ರೂಢಿ, ಅದು ಆತ್ಮಪ್ರಜ್ಞೆಯಲ್ಲ' ಎಂದು ಎದುರು ಪಕ್ಷದವರು ಹೇಳುತ್ತಾರೆ. ಅದನ್ನು ತಳ್ಳಿಹಾಕಲಾರೆ. ಜೆತ್ರೋ ಮಂಜಿನ ಮುಂದೆ ನಿಂತು 'ನಾನು ಯಾರು' ಎಂದು ಕೇಳಿಕೊಂಡಿತು ಎನ್ನುವಷ್ಟು ಹುಚ್ಚು ನನಗಿಲ್ಲ. ಆದರೆ ಅದೇ ಅನುಮಾನವನ್ನು ಕನ್ನಡಿಯ ಮೇಲೂ ಇಡಬೇಕಲ್ಲ? 1981ರಲ್ಲಿ ಬಿ. ಎಫ್. ಸ್ಕಿನ್ನರ್ ಮತ್ತು ಸಂಗಡಿಗರು ಪಾರಿವಾಳಗಳಿಗೆ ತರಬೇತಿ ಕೊಟ್ಟು, ನೇರವಾಗಿ ಕಾಣದ ಮೈಮೇಲಿನ ಚುಕ್ಕೆಯನ್ನು ಕನ್ನಡಿಯ ನೆರವಿನಿಂದ ಕುಕ್ಕುವಂತೆ ಮಾಡಿದರು. 2019ರಲ್ಲಿ ಜಪಾನಿನ ಸಂಶೋಧಕರು ಬೆರಳುದ್ದದ ಕ್ಲೀನರ್ ರಾಸ್ ಮೀನಿನ ಗಂಟಲ ಬಳಿ ಕಂದು ಗುರುತು ಹಾಕಿದರು. ಕನ್ನಡಿ ನೋಡಿದ ಮೀನು ಹೋಗಿ ಆ ಜಾಗವನ್ನು ತಳಕ್ಕೆ ಉಜ್ಜಿಕೊಂಡಿತು. ಆಗ ಏನಾಯಿತು? ಮೀನಿಗೆ ಆತ್ಮಪ್ರಜ್ಞೆ ಇದೆಯೆಂದು ಗ್ಯಾಲಪ್ ಒಪ್ಪಲಿಲ್ಲ. ಚಿಂಪಾಂಜಿ ಪಾಸಾದರೆ ಪ್ರಜ್ಞೆ, ಮೀನು ಪಾಸಾದರೆ ಬೇರೆ ಏನೋ ಕಾರಣ! ಯಾರು ಪಾಸಾಗಬೇಕೆಂದು ಮೊದಲೇ ತೀರ್ಮಾನಿಸಿ ನಡೆಸುವ ಪರೀಕ್ಷೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅದಕ್ಕೆ ಅವರಿಡುವ ಹೆಸರನ್ನೂ ಬಲ್ಲರು.

ಮನುಷ್ಯರ ಮಾತಿಗೇ ಬರೋಣ. ಅಮೆರಿಕ, ಯುರೋಪಿನ ಮಕ್ಕಳು ಸಾಮಾನ್ಯವಾಗಿ ಎರಡು ವರ್ಷ ತುಂಬುವ ಹೊತ್ತಿಗೆ ಈ ಪರೀಕ್ಷೆ ಪಾಸಾಗುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀನ್ಯಾದ 82 ಮಕ್ಕಳನ್ನು ಪರೀಕ್ಷಿಸಿದರು. ಅವರಲ್ಲಿ ಆರು ವರ್ಷದವರೆಗಿನವರೂ ಇದ್ದರು. ಪಾಸಾದವರು ಇಬ್ಬರು. ಉಳಿದ 80 ಮಕ್ಕಳಿಗೆ 'ನಾನು' ಎಂಬುದಿಲ್ಲ ಎಂದು ಯಾರಾದರೂ ಬರೆದರೆ ನಾವು ಅವರ ಮುಖಕ್ಕೆ ಉಗಿಯುತ್ತೇವೆ. ಅಪರಿಚಿತರ ಮುಂದೆ ಹೇಗಿರಬೇಕೆಂದು ಬೇರೆ ರೀತಿಯಲ್ಲಿ ಕಲಿತ ಮಕ್ಕಳು ಅವು, ತಪ್ಪು ಪರೀಕ್ಷೆಯದು ಎನ್ನುತ್ತೇವೆ. ಸರಿಯಾದ ಮಾತು. ಮಕ್ಕಳಿಗೆ ಕೊಡುವ ಈ ವಿನಾಯಿತಿಯನ್ನು ನಾಯಿಗೆ ಕೊಡಲು ಏನು ಕಷ್ಟ?

ಇನ್ನೊಂದು ಗುಂಪಿದೆ. 'ಪ್ರಾಣಿಗಳು ಪ್ರಜ್ಞೆ ಸಾಬೀತು ಮಾಡಲಿ, ಆಮೇಲೆ ಹಕ್ಕಿನ ಮಾತಾಡೋಣ' ಎನ್ನುವ ಸಭ್ಯರು. ಅವರಿಗೆ ಹ್ಯಾಪಿಯ ಕತೆ ಹೇಳಬೇಕು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಈ ಏಷ್ಯಾದ ಹೆಣ್ಣಾನೆ ದೊಡ್ಡ ಕನ್ನಡಿಯ ಮುಂದೆ ನಿಂತು, ತನ್ನ ಹಣೆಯ ಮೇಲೆ ಬಳಿದಿದ್ದ ಬಿಳಿ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿಕೊಂಡಿತು. 2006ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಮುಂದೆ ಅದರ ಬಿಡುಗಡೆಗಾಗಿ ಮೊಕದ್ದಮೆ ಹೂಡಿದರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 5-2ರ ಬಹುಮತದಿಂದ ಬೇಡಿಕೆಯನ್ನು ತಳ್ಳಿಹಾಕಿತು. ಪಾಸಾದ ಆನೆಗೂ ಬಾಗಿಲು ತೆರೆಯಲಿಲ್ಲ. ಕನ್ನಡಿ ಪರೀಕ್ಷೆಯ ಅಂಕಪಟ್ಟಿ ಪ್ರಾಣಿಗೆ ಯಾವತ್ತೂ ಊಟ ಹಾಕಿಲ್ಲ. ನಮಗೆ ಬೇಕಾದಾಗ ಕೈ ತೊಳೆದುಕೊಳ್ಳಲು ಮಾತ್ರ ಅದು ಒದಗಿದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹೆಚ್ಚು ಬುದ್ಧಿವಂತಿಕೆ ತೋರಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ, ಗ್ಯಾಲಪ್ ಕನ್ನಡಿ ಇಡುವುದಕ್ಕೆ 10 ವರ್ಷ ಮೊದಲು. ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದು ಅಪರಾಧ ಎನ್ನುತ್ತದೆ ಅದರ 11ನೇ ಕಲಮು. ಸದಾ ಕಟ್ಟಿಯೇ ಇಡುವ ನಾಯಿಯನ್ನು ಓಡಾಡಿಸದೆ ಬಿಡುವುದೂ ಅಪರಾಧ. ನಾಯಿಗೆ ತಾನು ಯಾರೆಂದು ಗೊತ್ತೇ ಎಂದು ಕಾಯ್ದೆ ಕೇಳಲಿಲ್ಲ. ಅದಕ್ಕೆ ನೋವಾಗುತ್ತದೆಯೇ ಎಂದಷ್ಟೇ ಕೇಳಿತು. ಆ ಪ್ರಶ್ನೆಗೆ ಉತ್ತರ ಹೇಳಲು ಕನ್ನಡಿಯೂ ಬೇಡ, ಕೆಂಪು ಬಣ್ಣವೂ ಬೇಡ.

ಹಾಗಾಗಿ ಟಾಮಿಯ ಮನೆಯವರಲ್ಲಿ ಒಂದು ವಿನಂತಿ. ನಿಮ್ಮ ನಾಯಿ ಕನ್ನಡಿಯಲ್ಲಿ ಪಾಸಾಗಿದೆ ಎಂದು ವಾದಿಸಬೇಡಿ. ಆ ವಾದಕ್ಕೆ ಇಳಿದರೆ ನಪಾಸಾದ ನಾಯಿಯನ್ನು ಬಿಟ್ಟುಕೊಟ್ಟ ಹಾಗೆ. ಸಂಜೆ ಹೊರಗೆ ಕರೆದೊಯ್ದಾಗ ಅದು ಪ್ರತಿ ಕಂಬದ ಬಳಿಯೂ ನಿಂತು ಮೂಸುತ್ತದೆಯಲ್ಲ, ಆಗ ಹಗ್ಗ ಜಗ್ಗದೆ ಎರಡು ನಿಮಿಷ ಕಾಯಿರಿ. 'ಅದಕ್ಕೇನು ಗೊತ್ತಾಗುತ್ತೆ' ಎನ್ನುವ ಪಕ್ಕದ ಮನೆಯವರು ಸಿಕ್ಕರೆ, ಗೇಟಿನ ಬಳಿ ಕಟ್ಟಿರುವ ಅವರ ನಾಯಿಯನ್ನು ಬಿಚ್ಚಲು ಹೇಳಿ.