ತಂಬೂರಿ ನಮ್ಮದು, ಫೈಲು ಯಾರದ್ದು?

ನಮ್ಮ ಬೇಗೂರು ಕಡೆ ನೀಲಗಾರರು ಮಂಟೇಸ್ವಾಮಿ ಕಥೆಗೆ ಕೂತರೆ ಮೊದಲು ತಂಬೂರಿ ಶ್ರುತಿ ಮಾಡ್ಕೊತಾರೆ. ಅದು ಹಾಡುವವರ ಗಂಟಲಿಗೆ ಹೊಂದಿಸಿದ ಶ್ರುತಿ. ಕೀಬೋರ್ಡಿನ ಮನೆಗಳಿಗೆ ಸರಿಯಾಗಿ ಕೂರಬೇಕು ಅಂತೇನಿಲ್ಲ. ಇಂಥ ನಾದವನ್ನು ಸ್ಯಾಂಪಲ್ ಮಾಡಿ ಪ್ಲಗಿನ್ ಒಳಗೆ ಕೂರಿಸೋ ಗೆಳೆಯರು ಬೆಂಗಳೂರಲ್ಲಿದ್ದಾರೆ. ಬಹಳ ಸಂತೋಷ. ಆದರೆ ಕೊನೆಗೆ ಸೇವ್ ಮಾಡೋದು ಆ ಒಂದೇ ಪ್ಲಗಿನ್ ಓದಬಲ್ಲ ಫೈಲಿನಲ್ಲಿ!

"ಕೆಲಸ ನಡೀತಿದೆಯಲ್ಲ, ಬಿಡು ಗುರು" ಅಂತಾರೆ. ಅಕ್ಷರದ ವಿಷಯದಲ್ಲೂ ನಾವು ಹೀಗೇ ಅಂದುಕೊಂಡಿದ್ದೆವು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ವರ್ಷಗಟ್ಟಲೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ತುಂಬಿದ ಫಾಂಟುಗಳಲ್ಲಿ ಟೈಪಿಸಿದೆವು. ನುಡಿ, ಬರಹಗಳ ಋಣ ದೊಡ್ಡದು, ಅದನ್ನು ಮರೆಯೋ ಮಾತಿಲ್ಲ. ಆದರೆ ಹಳೆಯ ನುಡಿ ಫೈಲನ್ನು ಆ ಫಾಂಟಿಲ್ಲದ ಮೊಬೈಲಲ್ಲಿ ತೆರೆದು ನೋಡಿ: 'ಕನ್ನಡ' ಅನ್ನೋ ಪದದ ನಡುವೆಯೇ ಪೌಂಡಿನ ಗುರುತು ಕಾಣುತ್ತೆ!

ಪ್ಲಗಿನ್ನುಗಳ ಕಥೆ ಬೇರೆಯಲ್ಲ. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ತಂದಿತು. 2018ರಲ್ಲಿ ವಿಎಸ್‌ಟಿ-2ಕ್ಕೆ ಹೊಸ ಪರವಾನಗಿ ಕೊಡೋದನ್ನೇ ನಿಲ್ಲಿಸಿತು. ಬೀಗ ಅವರದ್ದು, ಹಾಕಿದರು. ಆಪಲ್‌ನ ಆಡಿಯೊ ಯೂನಿಟ್ ಆಪಲ್ ಸಾಧನಗಳಿಗಷ್ಟೇ. 2022ರಲ್ಲಿ ಬಂದ ಕ್ಲ್ಯಾಪ್ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಮುಕ್ತ. ಹೊಸದಾಗಿ ಬರೆಯೋರು ಅಲ್ಲಿಂದ ಶುರು ಮಾಡಲಿ.

ಪ್ಲಗಿನ್ ಯಾವುದನ್ನಾದರೂ ಬಳಸಿ, ದತ್ತಾಂಶ ಮಾತ್ರ ಅದರ ಹೊರಗೂ ಬದುಕಬೇಕು. ಧ್ವನಿ ವೇವ್ ಅಥವಾ ಫ್ಲ್ಯಾಕ್‌ನಲ್ಲಿರಲಿ. ಯಾವ ಕೀಲಿಗೆ ಯಾವ ಸ್ಯಾಂಪಲ್ ಅನ್ನೋದು ಎಸ್‌ಎಫ್‌ಜೆಡ್‌ನಲ್ಲಿ, ಶ್ರುತಿ ಸ್ಕಾಲಾ ಫೈಲಿನಲ್ಲಿ. ಈ ಎರಡೂ ನೋಟ್‌ಪ್ಯಾಡಲ್ಲಿ ತೆರೆಯೋ ಬರೀ ಪಠ್ಯ. ಸ್ಕಾಲಾದಲ್ಲಿ ಪಂಚಮ ಅಂದರೆ '3/2' ಅಂತ ಒಂದು ಸಾಲು, ಅಷ್ಟೇ.

"ಎಲ್ಲ ಪ್ಲಗಿನ್ನೂ ಇದನ್ನು ಓದಲ್ಲವಲ್ಲ?" ನಿಜ. ಹಾಗಂತ ಸುಮ್ಮನಿದ್ದರೆ ಮುಂದೆಯೂ ಓದಲ್ಲ. ಒಬ್ಬರಿಗೊಬ್ಬರು ಪೈಪೋಟಿ ಕೊಡುತ್ತಿದ್ದ ಕಂಪನಿಗಳೇ 1983ರಲ್ಲಿ ಮಿಡಿಗೆ ಒಪ್ಪಿಕೊಂಡವು. ಅವತ್ತಿನ ಕೀಬೋರ್ಡು ಇವತ್ತಿನ ಲ್ಯಾಪ್‌ಟಾಪಿನ ಜೊತೆ ಇನ್ನೂ ಮಾತಾಡುತ್ತೆ. ದುಡ್ಡು ಕೊಟ್ಟು ಕೊಳ್ಳೋ ನಾವು ಕೇಳಿದರೆ ತಾನೇ ಅವರು ಕೊಡೋದು?

ನೀಲಗಾರರ ಹಾಡು ಬಾಯಿಂದ ಬಾಯಿಗೆ ದಾಟಿ ನಮ್ಮವರೆಗೆ ಬಂದಿದೆ. ಅದು ನಮ್ಮ ಹಾರ್ಡ್ ಡಿಸ್ಕಲ್ಲಿ ಸಾಯಬಾರದು. ಇವತ್ತು ರಾತ್ರಿ ಪ್ರಾಜೆಕ್ಟ್ ಮುಚ್ಚೋ ಮುಂಚೆ ಸಾದಾ ಫೈಲುಗಳಲ್ಲೂ ಒಂದು ಪ್ರತಿ ತೆಗೆದಿಡಿ.